ಬ್ರೂಕ್‌ಫೀಲ್ಡ್–ವೈಟ್‌ಫೀಲ್ಡ್ ಸೀಮೆ: ನೆಲ, ಕೈಗಾರಿಕೆ, ಪರಂಪರೆ

ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ವರ್ತೂರು ರಸ್ತೆಯ ಕುಂದಲಹಳ್ಳಿ ಗೇಟಿನಿಂದ ಉತ್ತರಕ್ಕೆ ಹೊರಳಿ ಐಟಿಪಿಎಲ್ ಟೆಕ್ ಪಾರ್ಕಿನ ಕಡೆಗೆ ಸಾಗುವ ರಸ್ತೆಯ ಎಡಬಲಕ್ಕೆ ಹಬ್ಬಿರುವ ಬಡಾವಣೆ ಬ್ರೂಕ್‌ಫೀಲ್ಡ್. ಈ ಹೆಸರಿನ ಕಂದಾಯ ಗ್ರಾಮ ಎಂದೂ ಇರಲಿಲ್ಲ. ಬಡಾವಣೆ ಎದ್ದದ್ದು ಕುಂದಲಹಳ್ಳಿ ಮತ್ತು ಅದರ ನೆರೆಹೊರೆಯ ಹಳ್ಳಿಗಳ ಹೊಲಗಳ ಮೇಲೆ. ಆದ್ದರಿಂದ ಬ್ರೂಕ್‌ಫೀಲ್ಡನ್ನು ಒಂದನ್ನೇ ಬಿಡಿಸಿ ನೋಡಿದರೆ ಕಾಣುವುದು ಕಡಿಮೆ. ಪಶ್ಚಿಮದಲ್ಲಿ ಮಾರತ್ತಹಳ್ಳಿ ಹಾಗೂ ಎಚ್‌ಎಎಲ್, ಉತ್ತರದಲ್ಲಿ ಹೂಡಿ ಹಾಗೂ ಕೃಷ್ಣರಾಜಪುರ, ಪೂರ್ವದಲ್ಲಿ ಕಾಡುಗೋಡಿ ಮತ್ತು ಹಳೆಯ ವೈಟ್‌ಫೀಲ್ಡ್, ದಕ್ಷಿಣದಲ್ಲಿ ವರ್ತೂರು ಕೆರೆ: ಇಷ್ಟನ್ನೂ ಒಟ್ಟಿಗೆ ತೆಗೆದುಕೊಂಡರೆ ಒಂದು ಸೀಮೆಯ ರೂಪ ಸಿಗುತ್ತದೆ. ಇಲ್ಲಿನ ಸಾವಿರ ವರ್ಷದ ಚರಿತ್ರೆ ಬಹುಮಟ್ಟಿಗೆ ಹೊಸಬರಿಗೆ ನೆಲ ಕೊಟ್ಟ ಚರಿತ್ರೆ. ನೆಲದ ಜೊತೆ ನೀರಿನ ಲೆಕ್ಕವನ್ನೂ ಇಟ್ಟ ಕಾಲದಲ್ಲಿ ಊರುಗಳು ನಿಂತವು. ಆ ಲೆಕ್ಕ ಬಿಟ್ಟ ಕಾಲದಲ್ಲಿ ಟ್ಯಾಂಕರುಗಳು ಬಂದವು.

ಆಡಳಿತದ ದೃಷ್ಟಿಯಿಂದ ಇದು ಬೆಂಗಳೂರು ಪೂರ್ವ ತಾಲ್ಲೂಕಿನ ಭಾಗ. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸಿದಾಗ ಮಹದೇವಪುರ ನಗರಸಭೆಯೂ ಅದರಲ್ಲಿ ಕರಗಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯನ್ನು ಐದಾಗಿ ಒಡೆದ ಮೇಲೆ ಮಹದೇವಪುರ ಮತ್ತು ಕೆ.ಆರ್. ಪುರ ಕ್ಷೇತ್ರಗಳು ಬೆಂಗಳೂರು ಪೂರ್ವ ನಗರಪಾಲಿಕೆಯ ಪಾಲಿಗೆ ಬಂದವು. ಮಹದೇವಪುರ ಮತದಾರರ ಸಂಖ್ಯೆಯಲ್ಲಿ ರಾಜ್ಯದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು.

ನೆಲ ಮತ್ತು ನೀರು

ಬೆಂಗಳೂರು ಪ್ರಸ್ಥಭೂಮಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಅಡಿಯಲ್ಲಿರುವುದು ಪರ್ಯಾಯದ್ವೀಪದ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ಗಟ್ಟಿ ಶಿಲೆಯ ಮೇಲೆ ಕೆಂಪು ಮಣ್ಣಿನ ಹೊದಿಕೆ ಮಾತ್ರ ಇರುವುದರಿಂದ ನೀರು ಸಿಗುವುದು ಶಿಲೆಯ ಬಿರುಕುಗಳಲ್ಲಿ. ಪಕ್ಕದ ಮನೆಯ ಕೊಳವೆಬಾವಿಯಲ್ಲಿ ನೀರು ಚಿಮ್ಮಿ, ಗೋಡೆಯಾಚೆ ಕೊರೆದಲ್ಲಿ ಬರೀ ಧೂಳು ಏಳುವುದಕ್ಕೆ ಕಾರಣ ಇದೇ.

ಈ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನಂದಿ ಬೆಟ್ಟದ ಬಳಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡ ಕೆರೆಯನ್ನು ಹಾದು, ಈ ಸೀಮೆಯ ಪೂರ್ವದಂಚಿನಲ್ಲಿ ತಮಿಳುನಾಡಿನತ್ತ ಇಳಿಯುತ್ತದೆ. ಆ ಕಣಿವೆಯ ಕಡೆಗೆ ವಾಲಿದ ಇಳಿಜಾರಿನಲ್ಲಿ ಹಿಂದಿನವರು ಕೆರೆಗಳನ್ನು ಮೆಟ್ಟಿಲಿನಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ದೊಡ್ಡನೆಕ್ಕುಂದಿ, ಚಿನ್ನಪ್ಪನಹಳ್ಳಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಹೂಡಿ, ಪಟ್ಟಂದೂರು ಅಗ್ರಹಾರ, ಶೀಲವಂತನ ಕೆರೆ ಹೀಗೆ ಸಾಲು ದೊಡ್ಡದು. ಇವುಗಳಲ್ಲಿ ಹಲವುಗಳ ನೀರು ಕೊನೆಗೆ ಸೇರುವುದು ವರ್ತೂರನ್ನು. ಪಶ್ಚಿಮದಿಂದ ನಗರದ ದೊಡ್ಡ ಪಾಲು ಕೊಳೆಯನ್ನು ಹೊತ್ತು ಬರುವ ಬೆಳ್ಳಂದೂರು ಕೆರೆಯ ಕೋಡಿಯೂ ಅಲ್ಲಿಗೇ. ಬೆಳ್ಳಂದೂರು ಸುಮಾರು 900 ಎಕರೆ, ಬೆಂಗಳೂರಿನಲ್ಲೇ ದೊಡ್ಡದು. ವರ್ತೂರು ಅದರ ಅರ್ಧದಷ್ಟು.

ಕೆರೆಯ ಯಂತ್ರ ಸರಳ, ನಿರ್ವಹಣೆ ಕಠಿಣ. ಏರಿಯ ಒಳಮೈಗೆ ಸೇರಿದಂತೆ ಎರಡು ನೆಟ್ಟನೆಯ ಕಲ್ಲುಕಂಬ. ಅವುಗಳ ನಡುವೆ ತೂತು ಕೊರೆದ ಚಪ್ಪಡಿಗಳು. ತೂತಿನ ಮೂಲಕ ಇಳಿಬಿಟ್ಟ ಮರದ ದಂಡ. ದಂಡದ ತುದಿಗೆ ತೂಬಿನ ಬಾಯಿಯನ್ನು ಮುಚ್ಚುವ ಗೂಟ. ನೀರುಗಂಟಿ ಈಜಿಕೊಂಡು ಹೋಗಿ ದಂಡ ಎತ್ತಿದರೆ ಏರಿಯ ಅಡಿಯಿಂದ ಅಚ್ಚುಕಟ್ಟಿಗೆ ನೀರು ಹರಿಯುತ್ತಿತ್ತು. ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ಅವನ ತಲೆಯಲ್ಲಿತ್ತು. ಆ ಕೆಲಸ ಅವನ ಮನೆತನದ್ದು, ಕೂಲಿ ಸುಗ್ಗಿಯ ಕಾಳಿನಲ್ಲಿ. ವರ್ತೂರು ಕೆರೆಯ ಕೆಳಗೆ ಭತ್ತ ಬೆಳೆದದ್ದು ಈ ವ್ಯವಸ್ಥೆಯ ಮೇಲೆ; ಮೇಲಿನ ಬೆದ್ದಲಲ್ಲಿ ಮಳೆಯನ್ನೇ ನಂಬಿ ರಾಗಿ, ಅವರೆ, ಹುರುಳಿ. ಅಚ್ಚುಕಟ್ಟು ಅಪಾರ್ಟ್‌ಮೆಂಟುಗಳಾದ ಮೇಲೆ ನೀರುಗಂಟಿಗೆ ಕೆಲಸ ಉಳಿಯಲಿಲ್ಲ, ತೂಬಿಗೂ ಉಳಿಯಲಿಲ್ಲ. ಕೋಡಿಗೆ ಮಾತ್ರ ಉಳಿಯಿತು.

ಆ ಕೋಡಿಯೇ ಲೋಕಕ್ಕೆ ಗೊತ್ತಾದದ್ದು ನೊರೆಯಿಂದ. ಸಾಬೂನು ಪುಡಿಯ ಅಂಶ ಸೇರಿದ ಕೊಳಚೆ ಎತ್ತರದಿಂದ ಧುಮುಕುವಾಗ ಗಾಳಿ ಬೆರೆತು ಆಳೆತ್ತರ ನೊರೆ ಏಳುತ್ತದೆ. ಮಳೆಗಾಲದ ಗಾಳಿಗೆ ಅದು ಹಾರಿ ವರ್ತೂರು ಕೋಡಿಯ ರಸ್ತೆಯಲ್ಲಿ ಬೈಕ್ ಸವಾರರ ಮುಖಕ್ಕೆ ಮೆತ್ತುತ್ತಿತ್ತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಂಗಳ ಉರಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಕೆರೆಗಳ ಸ್ಥಿತಿಯನ್ನು ವರ್ಷಗಳಿಂದ ಅಳೆದು ಬರೆಯುತ್ತಲೇ ಇದ್ದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ ಮೇಲೆ ಹೂಳೆತ್ತುವ ಕೆಲಸ ಶುರುವಾಯಿತು. ನೊರೆ ಗಡಿಯಲ್ಲಿ ನಿಲ್ಲಲಿಲ್ಲ: ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ಅದು ಕಾಣಿಸಿಕೊಂಡಿದೆ.

ಕೊಳಚೆಗೆ ಇನ್ನೊಂದು ದಾರಿಯನ್ನೂ ತೆರೆಯಲಾಗಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು, ಗುರಿಯ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್, ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಹರಿಯತೊಡಗಿತು. ಎರಡು ಹಂತದ ಸಂಸ್ಕರಣೆ ಸಾಕೇ ಎಂಬ ಜಗಳ ಇನ್ನೂ ಇದೆ. ಬತ್ತಿದ ಕೆರೆ ತುಂಬಿದ್ದನ್ನು ಕಂಡ ಕೋಲಾರದ ರೈತನಿಗೂ ಅಂತರ್ಜಲದ ಗುಣಮಟ್ಟ ಕೇಳುವ ತಜ್ಞನಿಗೂ ಈ ವಿಷಯದಲ್ಲಿ ಮಾತು ಕೂಡಿಬರುವುದಿಲ್ಲ.

ಕಲ್ಲಿನ ಮೇಲಿನ ದಾಖಲೆ

ಈ ಸೀಮೆಯ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಒಂದು ಕಾಡುಗೋಡಿಯ ಶಾಸನ. ಕಾಲ ಕ್ರಿ.ಶ. 1043, ಆಳ್ವಿಕೆ ಒಂದನೆಯ ರಾಜೇಂದ್ರ ಚೋಳನದು, ಭಾಷೆ ತಮಿಳು. ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಅದು ಹೇಳುತ್ತದೆ. ಮಾಡಿಸಿದವನು ರಾಜರಾಜ ವೇಳಾನ್. ಅವನ ತಂದೆ ಪೆರ್ಮಾಡಿ ಗಾವುಂಡ. ಇಲ್ಲಿ ಸ್ವಲ್ಪ ನಿಲ್ಲಬೇಕು. ತಂದೆಯ ಹೆಸರಿನಲ್ಲಿ ಗಂಗರ ಕಾಲದ ಕನ್ನಡ ಗೌಡಿಕೆಯ ಗತ್ತಿದೆ. ಮಗನ ಹೆಸರಿನಲ್ಲಿ ಚೋಳ ದೊರೆಯ ಬಿರುದಿದೆ. ತಲಕಾಡಿನ ಗಂಗರನ್ನು ಚೋಳರು ಸೋಲಿಸಿ ಆಗ ಕೆಲವೇ ದಶಕ. ರಾಜ್ಯ ಬದಲಾದರೂ ಊರಿನ ಮುಖ್ಯಸ್ಥ ಮಾಡಬೇಕಾದ ಕೆಲಸ ಬದಲಾಗಲಿಲ್ಲ: ಕೆರೆ ಕಟ್ಟಿಸುವುದು, ಕಾಡಂಚಿನಲ್ಲಿ ಒಕ್ಕಲು ಕೂರಿಸುವುದು. ಅದೇ ಪಟ್ಟಂದೂರಿನ ನೆಲದಲ್ಲಿ ಸುಮಾರು 950 ವರ್ಷಗಳ ಬಳಿಕ ಟೆಕ್ ಪಾರ್ಕ್ ಎದ್ದಿತು.

ಎಚ್‌ಎಎಲ್ ಬಳಿಯ ವಿಭೂತಿಪುರದಲ್ಲಿ 1307ರ ಇನ್ನೊಂದು ಶಾಸನವಿದೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಹದಮಾಡಿ, ಊರು ಕಟ್ಟಿ, ಕೆರೆ ತೋಡಿದ ಕ್ರಮವನ್ನು ಅದು ಸಾರುತ್ತದೆ. ಬಡಾವಣೆ ಹೇಗೆ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಕೈಪಿಡಿ ಸಿಗಲಿಕ್ಕಿಲ್ಲ. ಇಂದಿನ ಬಿಲ್ಡರುಗಳು ಮೊದಲ ಮೂರು ಹೆಜ್ಜೆಗಳನ್ನು ಚಾಚೂತಪ್ಪದೆ ಪಾಲಿಸುತ್ತಾರೆ.

ಇಂಥ ಕಲ್ಲುಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದ್ದರು. ಆಮೇಲೆ ಹಲವು ಕಲ್ಲುಗಳು ಕಟ್ಟಡದ ಪಾಯಕ್ಕೆ, ಚರಂಡಿಯ ಹಾಸಿಗೆ ಹೋದವು. ಕೆಲವು ವೀರಗಲ್ಲುಗಳು ಅರಿಶಿನ–ಕುಂಕುಮದ ದೇವರಾಗಿ ಬದುಕಿಕೊಂಡವು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಉಳಿದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಅಕ್ಷರವನ್ನೂ ದಾಖಲಿಸುವ ಕೆಲಸ ಕೈಗೆತ್ತಿಕೊಂಡಿದೆ. ಅದರ ಮುಂದಾಳು ಪಿ.ಎಲ್. ಉದಯಕುಮಾರ್ ಇತಿಹಾಸದ ಪ್ರಾಧ್ಯಾಪಕರಲ್ಲ, ಆಸಕ್ತಿಯಿಂದ ಕಲ್ಲುಗಳ ಬೆನ್ನು ಹತ್ತಿದವರು.

1882ರ ದಾನ

ಮೈಸೂರಿನ ಆಡಳಿತ ಬ್ರಿಟಿಷರಿಂದ ಮರಳಿ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಮರುವರ್ಷವೇ, ರಂಗಾಚಾರ್ಲು ದಿವಾನರಾಗಿದ್ದಾಗ, ಹತ್ತನೆಯ ಚಾಮರಾಜ ಒಡೆಯರು ಇಲ್ಲಿ 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ ಕೃಷಿ ವಸಾಹತಿಗೆಂದು ಕೊಟ್ಟರು. ರೈಲ್ವೆ, ತಂತಿ ಕಚೇರಿಗಳ ಸಣ್ಣ ನೌಕರಿಗಳನ್ನೇ ನಂಬಿದ್ದ ಸಮುದಾಯವೊಂದನ್ನು ಸ್ವಂತ ಹೊಲದ ಮೇಲೆ ನಿಲ್ಲಿಸುವ ಯೋಜನೆ ಅದು. ಮದ್ರಾಸಿನ ಸಂಘದ ಸ್ಥಾಪಕ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರ ಹೆಸರು ಊರಿಗೆ ಬಂತು. ಬಿಳಿಯರ ಬಯಲೆಂದು ಅರ್ಥ ಮಾಡುವವರು ಇಂದಿಗೂ ಇದ್ದಾರೆ. ಹೆಸರಿನಲ್ಲಿರುವುದು ಬಣ್ಣವಲ್ಲ, ವ್ಯಕ್ತಿ.

ವಸಾಹತಿನ ನಡುಭಾಗ ವೃತ್ತಾಕಾರ. ಇನ್ನರ್ ಸರ್ಕಲ್ ಎಂದು ಇಂದಿಗೂ ಕರೆಯುವ ಆ ರಸ್ತೆಯ ಸುತ್ತ ಹಂಚಿನ ಮಾಡಿನ ಬಂಗಲೆಗಳು, ತೋಟಗಳು, ಮೆಮೋರಿಯಲ್ ಚರ್ಚು, ವೇವರ್ಲಿ ಇನ್ ಎಂಬ ತಂಗುಮನೆ. 1896ರಿಂದ ಬೆಂಗಳೂರಿನ ದಂಡಿನಲ್ಲಿದ್ದ ತರುಣ ವಿನ್‌ಸ್ಟನ್ ಚರ್ಚಿಲ್ ವೇವರ್ಲಿಗೆ ಬರುತ್ತಿದ್ದನೆಂದೂ ಮನೆಯೊಡೆಯನ ಮಗಳಲ್ಲಿ ಅನುರಕ್ತನಾಗಿದ್ದನೆಂದೂ ಕಥೆಯುಂಟು. ಊರಿನವರು ಇದನ್ನು ಹೇಳಿದಷ್ಟು ಕಾಗದಪತ್ರ ಹೇಳುವುದಿಲ್ಲ.

ವಸಾಹತು ಅಂದುಕೊಂಡ ಹಾಗೆ ಬೆಳೆಯಲಿಲ್ಲ. ಬೇಸಾಯ ಗೊತ್ತಿಲ್ಲದವರಿಗೆ ಮಳೆಯಾಶ್ರಿತ ಕೆಂಪು ನೆಲ ಸುಲಭದ ಗುರುವಲ್ಲ. ಪಿಂಚಣಿದಾರರು ನೆಲೆಸಿದರು, ಹಣ್ಣಿನ ಗಿಡ ನೆಟ್ಟರು; ಮಕ್ಕಳು ಕೋಲಾರದ ಚಿನ್ನದ ಗಣಿಗೋ ರೈಲ್ವೆಗೋ ಹೋದರು. ಸ್ವಾತಂತ್ರ್ಯದ ನಂತರ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. 1864ರಲ್ಲೇ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹಾಕಿದ್ದ ರೈಲು ಮಾರ್ಗ ವಸಾಹತಿನ ಉತ್ತರಕ್ಕೆ ಕಾಡುಗೋಡಿಯ ಬಳಿ ಹಾದುಹೋಗುತ್ತಿದ್ದು, ನಿಲ್ದಾಣಕ್ಕೆ ವೈಟ್‌ಫೀಲ್ಡ್ ಎಂದೇ ಹೆಸರಾಯಿತು.

ಇದೇ ಕಾಡುಗೋಡಿಯಲ್ಲಿ 1896ರಲ್ಲಿ 711 ಎಕರೆ ನೆಡುತೋಪನ್ನು ಅರಣ್ಯವೆಂದು ಘೋಷಿಸಲಾಗಿತ್ತು. ಬಳಿಕ ಅದರ ಬಹುಪಾಲು ಬೇರೆ ಬೇರೆ ಕೈ ಸೇರಿತು. 2025ರಲ್ಲಿ ಅರಣ್ಯ ಇಲಾಖೆ 120 ಎಕರೆಯನ್ನು ವಶಕ್ಕೆ ತೆಗೆದುಕೊಂಡಾಗ ಆ ನೆಲದ ಪೇಟೆ ಬೆಲೆಯನ್ನು ಸಾವಿರಾರು ಕೋಟಿ ರೂಪಾಯಿಗಳಲ್ಲಿ ಎಣಿಸಲಾಯಿತು. ಅಲ್ಲಿ ದಶಕಗಳಿಂದ ಉಳುಮೆ ಮಾಡಿಕೊಂಡಿದ್ದ ದಲಿತ ಕುಟುಂಬಗಳ ಹಕ್ಕಿನ ಪ್ರಶ್ನೆಯೂ ಅದರ ಬೆನ್ನಿಗೇ ಎದ್ದಿತು.

ವಿಮಾನ, ಟೆಲಿಫೋನು, ಇಂಗಾಲದ ಕಡ್ಡಿ

ಕೈಗಾರಿಕೆ ಈ ಕಡೆಗೆ ಬಂದದ್ದು ಆಕಾಶದ ಮೂಲಕ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಆರಂಭಿಸಿದಾಗ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ನೆಲ ಕೊಟ್ಟು ಪಾಲುದಾರನೂ ಆಯಿತು. ಮರುವರ್ಷ ಭಾರತ ಸರ್ಕಾರವೂ ಪಾಲು ಹಾಕಿತು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆ ಇದನ್ನು ತನ್ನ ವಿಮಾನಗಳ ರಿಪೇರಿ ಶಾಲೆಯಾಗಿ ಬಳಸಿತು. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಎಫ್–24 ಮಾರುತ್ 1961ರ ಜೂನ್ 17ರಂದು ಮೇಲೇರಿತು; ಒಟ್ಟು 147 ತಯಾರಾದವು. ಅದೇ ರನ್‌ವೇಯಿಂದ 2001ರ ಜನವರಿ 4ರಂದು ಹಗುರ ಯುದ್ಧವಿಮಾನ ತೇಜಸ್ ಮೊದಲ ಬಾರಿ ಹಾರಿತು. 2008ರ ಮೇನಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಬೆಂಗಳೂರಿನ ನಾಗರಿಕ ವಿಮಾನಗಳಿಗೂ ಇದೇ ನೆಲೆ. ಆ ರಸ್ತೆಯನ್ನು ಜನ ಈಗಲೂ ಹಳೆ ಏರ್‌ಪೋರ್ಟ್ ರಸ್ತೆ ಎಂದೇ ಕರೆಯುತ್ತಾರೆ.

ಉತ್ತರದಲ್ಲಿ, ಕೃಷ್ಣರಾಜಪುರದ ಮಗ್ಗುಲಲ್ಲಿ, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಂದು ದೂರವಾಣಿನಗರ ಹುಟ್ಟಿತು. ದೇಶದ ಮನೆ, ಕಚೇರಿಗಳ ಕಪ್ಪು ಟೆಲಿಫೋನುಗಳು ಇಲ್ಲಿಂದ ಹೋದವು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಎಂಬ ಸಾರ್ವಜನಿಕ ಕಾರ್ಖಾನೆಗಳು ಸೇರಿ ಬೆಂಗಳೂರಿಗೆ ಒಂದು ಹೊಸ ಮಧ್ಯಮವರ್ಗವನ್ನು ಕೊಟ್ಟವು: ಬೆಳಗಿನ ಸೈರನ್, ಕಾರ್ಖಾನೆಯ ಬಸ್ಸು, ರಿಯಾಯಿತಿ ಕ್ಯಾಂಟೀನು, ಕನ್ನಡ ಸಂಘದ ನಾಟಕ. 1980ರ ಡಿಸೆಂಬರ್‌ನಿಂದ 77 ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಸುಮಾರು 1.25 ಲಕ್ಷ ಕಾರ್ಮಿಕರು ಹೊರಬಂದಿದ್ದರು. ಅಷ್ಟು ಜನ ಅಷ್ಟು ದಿನ ಒಟ್ಟಾಗಿ ಗೇಟಿನ ಹೊರಗೆ ನಿಂತದ್ದನ್ನು ನಂತರದ ಐಟಿ ಬೆಂಗಳೂರು ಕಂಡಿಲ್ಲ.

ಬ್ರೂಕ್‌ಫೀಲ್ಡಿನ ಬೇರು ಇರುವುದು ಈ ಕಾರ್ಖಾನೆಗಳಲ್ಲೇ. ಎಇಸಿಎಸ್ ಲೇಔಟ್ ಎಂದರೆ ವಿಮಾನ ಕಾರ್ಖಾನೆ ನೌಕರರ ಸಹಕಾರ ಸಂಘದ ಬಡಾವಣೆ. ಪಕ್ಕದ ಬಿಇಎಂಎಲ್ ಲೇಔಟ್ ಮಣ್ಣು ಅಗೆಯುವ ಯಂತ್ರ, ರೈಲು ಬೋಗಿ ತಯಾರಿಸುವ ಕಾರ್ಖಾನೆಯ ಹೆಸರನ್ನು ಹೊತ್ತಿದೆ. ಸಂಬಳದಿಂದ ಕಂತು ಕಟ್ಟಿ ಸೈಟು ಪಡೆದವರು ಊರಿಂದ ಬಹಳ ದೂರವೆಂದು ವರ್ಷಗಟ್ಟಲೆ ಮನೆ ಕಟ್ಟದೆ ಬಿಟ್ಟಿದ್ದರು. ಟೆಕ್ ಪಾರ್ಕ್ ಬಂದ ಮೇಲೆ ಅದೇ ಸೈಟುಗಳಲ್ಲಿ ನಾಲ್ಕಂತಸ್ತಿನ ಪಿಜಿಗಳು ಎದ್ದವು.

ಹೂಡಿ–ಮಹದೇವಪುರದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ, ಮಧ್ಯಮ ಕಾರ್ಖಾನೆಗಳು ಬೆಳೆದವು. ಅವುಗಳಲ್ಲಿ ಬಹಳ ಸುದ್ದಿಯಾದದ್ದು ಗ್ರಾಫೈಟ್ ಇಂಡಿಯಾ. ಉಕ್ಕನ್ನು ಕರಗಿಸುವ ವಿದ್ಯುತ್ ಕುಲುಮೆಗಳಿಗೆ ಬೇಕಾದ ದಪ್ಪನೆಯ ಗ್ರಾಫೈಟ್ ಎಲೆಕ್ಟ್ರೋಡುಗಳನ್ನು ದಶಕಗಳ ಕಾಲ ಇಲ್ಲಿ ತಯಾರಿಸುತ್ತಿದ್ದರು. ಸುತ್ತ ಮನೆಗಳು ಎದ್ದಂತೆ ಕಾರಿನ ಮೇಲೆ, ಬಾಲ್ಕನಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಪುಡಿ ಕೂರುತ್ತದೆಂಬ ದೂರುಗಳು ಹೆಚ್ಚಿದವು. ವಿವಾದ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನ್ಯಾಯಾಲಯದವರೆಗೆ ಹೋಗಿ, 2019ರಲ್ಲಿ ಕಂಪನಿ ಘಟಕವನ್ನು ಮುಚ್ಚಿತು. ಮೊದಲು ಬಂದದ್ದು ಕಾರ್ಖಾನೆ, ಮನೆ ಆಮೇಲೆ ಎಂಬ ವಾದದಲ್ಲಿ ಹುರುಳಿದೆ. ಉಸಿರಾಡುವ ಗಾಳಿಯ ಮುಂದೆ ಆ ಹುರುಳು ನಿಲ್ಲಲಿಲ್ಲ. ಜಂಕ್ಷನ್ನಿಗೆ ಮಾತ್ರ ಗ್ರಾಫೈಟ್ ಇಂಡಿಯಾ ಎಂಬ ಹೆಸರು ಉಳಿದಿದೆ.

ಸಿಂಗಾಪುರದ ಪಾಲು

1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ತಂತ್ರಾಂಶ ಕಂಪನಿ ನಡೆಸುವುದೆಂದರೆ ಜನರೇಟರಿನ ಸದ್ದಿನಲ್ಲಿ ಬದುಕುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಸ್ವಂತ ಉಪಗ್ರಹ ಸಂಪರ್ಕದೊಂದಿಗೆ ಬಂದು ದಾರಿ ತೋರಿಸಿತ್ತು, ಆರ್.ಕೆ. ಬಾಳಿಗಾ ಅವರ ಕನಸಿನ ಎಲೆಕ್ಟ್ರಾನಿಕ್ ಸಿಟಿ ನಗರದ ದಕ್ಷಿಣದಲ್ಲಿ ಬೆಳೆಯುತ್ತಿತ್ತು. ಪ್ರಧಾನಿ ಪಿ.ವಿ. ನರಸಿಂಹರಾವ್ ಮತ್ತು ಸಿಂಗಾಪುರದ ಪ್ರಧಾನಿ ಗೋ ಚೋಕ್ ತಾಂಗ್ ನಡುವಿನ ಮಾತುಕತೆಯಿಂದ ಮೂಡಿದ ಟೆಕ್ ಪಾರ್ಕ್ ಯೋಜನೆ 1994ರಲ್ಲಿ ಒಪ್ಪಂದದ ರೂಪ ಪಡೆಯಿತು. ಸಿಂಗಾಪುರದ ಕಂಪನಿಗಳ ಒಕ್ಕೂಟಕ್ಕೆ ಶೇ 40 ಪಾಲು, ಟಾಟಾ ಇಂಡಸ್ಟ್ರೀಸ್‌ಗೆ 40, ಭೂಮಿ ಒದಗಿಸಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ 20. 1998ರಲ್ಲಿ ಪಟ್ಟಂದೂರಿನ ಸುಮಾರು 69 ಎಕರೆಯಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ (ಐಟಿಪಿಎಲ್) ತೆರೆಯಿತು. ಡಿಸ್ಕವರರ್, ಇನ್ನೊವೇಟರ್, ಕ್ರಿಯೇಟರ್, ಎಕ್ಸ್‌ಪ್ಲೋರರ್ ಎಂಬ ಕಟ್ಟಡಗಳ ಹೆಸರು ಇಲ್ಲಿನ ಆಟೋದವರ ಬಾಯಲ್ಲೂ ಸಲೀಸು.

ಪಾರ್ಕಿನ ಆಕರ್ಷಣೆ ಗಾಜಿನ ಗೋಡೆಯಲ್ಲಿರಲಿಲ್ಲ. ಸ್ವಂತ ವಿದ್ಯುತ್ ಸ್ಥಾವರ, ನೆಚ್ಚಬಹುದಾದ ದೂರಸಂಪರ್ಕ, ಬಂದ ದಿನವೇ ಕೂತು ಕೆಲಸ ಶುರುಮಾಡುವಂಥ ಕಚೇರಿ: ಊರು ಕೊಡಲಾಗದ್ದನ್ನು ಕಾಂಪೌಂಡಿನ ಒಳಗೆ ಕೊಟ್ಟದ್ದೇ ಅದರ ಬಂಡವಾಳ. ಪಕ್ಕದ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕಿನಲ್ಲಿ ಜರ್ಮನಿಯ ಎಸ್‌ಎಪಿ ತನ್ನ ಪ್ರಯೋಗಾಲಯ ಕಟ್ಟಿತು. 2000ದ ಸೆಪ್ಟೆಂಬರ್‌ನಲ್ಲಿ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ಹೂಡಿಯ ಬಳಿ ಉದ್ಘಾಟನೆಯಾಯಿತು. ವಿಮಾನ ಎಂಜಿನ್ನು, ಆಸ್ಪತ್ರೆಯ ಸ್ಕ್ಯಾನರುಗಳ ಸಂಶೋಧನೆ ಅಲ್ಲಿ ನಡೆಯತೊಡಗಿತು. ಹಿಂದೂಸ್ತಾನ್ ಯೂನಿಲಿವರ್‌ನ ಸಂಶೋಧನಾ ಕೇಂದ್ರವೂ ವೈಟ್‌ಫೀಲ್ಡಿನಲ್ಲಿದೆ. ಹೀಗೆ ಇಲ್ಲಿ ಕೋಡ್ ಬರೆಯುವವರ ಪಕ್ಕದಲ್ಲೇ ಟರ್ಬೈನು, ಸಾಬೂನು, ಚಹಾದ ವಿಜ್ಞಾನಿಗಳೂ ಕೆಲಸ ಮಾಡುತ್ತಾರೆ.

ಒಳಗಿನ ಅಚ್ಚುಕಟ್ಟು ಗೇಟಿನಾಚೆ ಬರಲಿಲ್ಲ. ಜಪಾನಿನಲ್ಲಿ ತ್ಸುಕುಬಾ ವಿಜ್ಞಾನ ನಗರಕ್ಕೆ ಸಂಪುಟ ಒಪ್ಪಿಗೆ ಕೊಟ್ಟದ್ದು 1963ರಲ್ಲಿ. ರಸ್ತೆ, ನೀರು, ವಸತಿಗಳ ನಕ್ಷೆ ಸಂಸ್ಥೆಗಳಿಗಿಂತ ಮುಂದಿತ್ತು. ವೈಟ್‌ಫೀಲ್ಡಿನಲ್ಲಿ ಒಂದೊಂದು ಸರ್ವೆ ನಂಬರು ಒಂದೊಂದು ಬಡಾವಣೆಯಾಯಿತು. ಎತ್ತಿನಗಾಡಿಯ ದಾರಿಗಳೇ ಮುಖ್ಯರಸ್ತೆಗಳಾದವು. ಸಂಜೆ ಏಳರ ಹೊತ್ತಿಗೆ ಕುಂದಲಹಳ್ಳಿ ಗೇಟಿನಲ್ಲಿ ನಿಲ್ಲುವ ವಾಹನಗಳ ಸಾಲು ಆ ಗಾಡಿದಾರಿಯ ಅಗಲವನ್ನು ದಿನವೂ ಅಳೆದು ತೋರಿಸುತ್ತದೆ. 2013ರಲ್ಲಿ ನಿವಾಸಿಗಳು ಕಟ್ಟಿಕೊಂಡ ವೈಟ್‌ಫೀಲ್ಡ್ ರೈಸಿಂಗ್ ಸಂಘಟನೆ ರಸ್ತೆಗುಂಡಿ, ಕಸ, ಕೆರೆಗಳ ಬೆನ್ನುಬಿದ್ದದ್ದು ಈ ಹಿನ್ನೆಲೆಯಲ್ಲಿ.

ಕೈಗಾರಿಕೆಯ ಅಲೆ ಪೂರ್ವಕ್ಕೆ ಸರಿಯುತ್ತಲೇ ಇದೆ. ಹೊಸಕೋಟೆಯಲ್ಲಿ ವೋಲ್ವೊ, ನರಸಾಪುರದಲ್ಲಿ 2013ರಿಂದ ಜಪಾನಿನ ಹೋಂಡಾದ ದ್ವಿಚಕ್ರ ವಾಹನ ಘಟಕ, ಅದೇ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ. ಬಂದರಿಗೆ ಹೋಗುವ ಸರಕಿನ ಪೆಟ್ಟಿಗೆಗಳು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಲ್ಲಿ ರೈಲು ಹತ್ತುತ್ತವೆ.

ಓಡಾಟ ಮತ್ತು ಕುಡಿಯುವ ನೀರು

ನಮ್ಮ ಮೆಟ್ರೋದ ನೇರಳೆ ಮಾರ್ಗ 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ಗೆ, 13.71 ಕಿಲೋಮೀಟರ್, ಓಡತೊಡಗಿತು. ನಡುವೆ ಬೈಯಪ್ಪನಹಳ್ಳಿಯ ಬಳಿ ಒಂದು ತುಂಡು ಬಾಕಿ ಉಳಿದು ಪ್ರಯಾಣಿಕರು ಬಸ್ಸು ಹತ್ತಿಳಿಯಬೇಕಾಗಿತ್ತು; ಅಕ್ಟೋಬರ್ 9ರಂದು ಅದೂ ಸೇರಿ ಕೆಂಗೇರಿಯಾಚೆಯ ಚಲ್ಲಘಟ್ಟದವರೆಗೆ ಒಂದೇ ಓಟ ಸಾಧ್ಯವಾಯಿತು. ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ: ಮಾಲುಗಳ ಹೆಸರಿನಿಂದ ದಾರಿ ಹೇಳುತ್ತಿದ್ದ ಕಡೆ ಹಳ್ಳಿಗಳ ಹೆಸರು ಮತ್ತೆ ಧ್ವನಿವರ್ಧಕದಲ್ಲಿ ಕೇಳಿಬಂದದ್ದು ಮೆಟ್ರೋದ ಕೃಪೆ. ಹಳೆಯ ರೈಲಿಗೂ ಕೆಲಸ ತಪ್ಪಿಲ್ಲ. 2001ರ ಫೆಬ್ರುವರಿ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ನಂತರ ಕೆಜಿಎಫ್‌ನ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ, ವೈಟ್‌ಫೀಲ್ಡ್, ಕೆ.ಆರ್. ಪುರಗಳಲ್ಲಿ ಇಳಿಯುವವರು ಅನೇಕರು. ಉಪನಗರ ರೈಲಿನ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗಕ್ಕೆ ಪಾರಿಜಾತ ಎಂದು ಹೆಸರಿಟ್ಟಾಗಿದೆ.

ನೀರಿನ ಕಥೆ ಬೇರೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. 2007ರಲ್ಲಿ ನಗರಕ್ಕೆ ಸೇರಿದ ಹಳ್ಳಿಗಳ ಸರದಿ ಕೊನೆಗೆ ಬಂತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಕೈಕೊಟ್ಟಾಗ ಅತಿ ಹೆಚ್ಚು ಬವಣೆ ಪಟ್ಟದ್ದು ಮಹದೇವಪುರ ಭಾಗ. ಟ್ಯಾಂಕರ್ ನೀರಿನ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಇದೇ ಭಾಗದ ವಿಲ್ಲಾಗಳ ನಿವಾಸಿಗಳನ್ನು ನೆರೆಯಿಂದ ಟ್ರ್ಯಾಕ್ಟರಿನಲ್ಲಿ ಹೊರತಂದಿದ್ದರು. ರಾಜಕಾಲುವೆಗಳನ್ನು ಕಿರಿದು ಮಾಡಿದಲ್ಲಿ ಮಳೆ ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು.

ತುಬರಹಳ್ಳಿಯ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲುಗಳಿವೆ. ಈ ಸೀಮೆಯ ಮನೆಗೆಲಸ, ಕಸ ಆಯುವಿಕೆ, ಕಟ್ಟಡ ಕೂಲಿಗಳಿಗೆ ಬಂಗಾಳದಿಂದಲೂ ಉತ್ತರ ಕರ್ನಾಟಕದಿಂದಲೂ ಬಂದವರು ಅಲ್ಲಿರುತ್ತಾರೆ. ಅವರ ಪಾಲಿನ ನೀರು ಡ್ರಮ್ಮಿನ ಲೆಕ್ಕ.

ಆಚರಣೆ, ರಂಗ, ಭಾಷೆ

ಬಡಾವಣೆಗಳ ಮಧ್ಯೆ ಹಳ್ಳಿಗಳು ಕರಗದೆ ಉಳಿದಿರುವುದು ಊರಹಬ್ಬದ ದಿನ ಗೊತ್ತಾಗುತ್ತದೆ. ಊರಮ್ಮನಿಗೆ ತಂಬಿಟ್ಟಿನ ದೀಪ ಹೊತ್ತ ಹೆಂಗಸರ ಸಾಲು ಮುಖ್ಯರಸ್ತೆಗೆ ಬಂದರೆ ಕ್ಯಾಬುಗಳು ಕಾಯುತ್ತವೆ. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮುದ್ದೆ ಮಾಡಿ, ನಡುವೆ ಕುಳಿ ತೋಡಿ ತುಪ್ಪದ ಬತ್ತಿ ಇಟ್ಟ ಆ ದೀಪಗಳನ್ನು ಹೂವಿನಿಂದ ಸಿಂಗರಿಸಿ ತಟ್ಟೆಯಲ್ಲಿ ಹೊರುತ್ತಾರೆ, ಮುಂದೆ ತಮಟೆ. ತಿಗಳ ಸಮುದಾಯದ ಕರಗ ಬೆಂಗಳೂರು ಪೇಟೆಗೆ ಮಾತ್ರ ಸೀಮಿತವಲ್ಲ. ಹೊಸಕೋಟೆ, ಕೋಲಾರದ ಕಡೆಯ ಊರುಗಳಲ್ಲೂ ದ್ರೌಪದಮ್ಮನ ಕರಗ ರಾತ್ರಿಯಿಡೀ ಬೀದಿ ಸುತ್ತುತ್ತದೆ. ತೋಟಗಾರಿಕೆಯೇ ಕುಲಕಸುಬಾಗಿದ್ದ ಸಮುದಾಯದ ಹಬ್ಬದಲ್ಲಿ ಕೆರೆಯಂಚಿನ ಹಸಿಮಣ್ಣಿಗೂ ಮಲ್ಲಿಗೆಗೂ ಮೊದಲ ಸ್ಥಾನ.

ಕಾಡುಗೋಡಿಯಲ್ಲಿ ಸತ್ಯಸಾಯಿಬಾಬಾ ಅವರ ಬೃಂದಾವನ ಆಶ್ರಮ 1960ರ ದಶಕದಿಂದ ವಿದೇಶಿ ಭಕ್ತರನ್ನು ವೈಟ್‌ಫೀಲ್ಡ್‌ಗೆ ತಂದಿತು. ಐಟಿಗಿಂತ ಮೊದಲೇ ಈ ಊರಿನ ಅಂಚೆ ಕಚೇರಿಗೆ ಹೊರದೇಶದ ಕಾಗದಗಳು ಹೊಸದಾಗಿರಲಿಲ್ಲ. 2001ರ ಜನವರಿಯಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆ ಹೃದಯ ಮತ್ತು ನರರೋಗಗಳಿಗೆ ಹಣ ಪಡೆಯದೆ ಚಿಕಿತ್ಸೆ ಕೊಡುತ್ತದೆ. ಬೆಳಗಿನ ಹೊತ್ತು ಅದರ ಗೇಟಿನ ಬಳಿ ರಾಯಚೂರಿನ, ರಾಯಲಸೀಮೆಯ, ಬಂಗಾಳದ ರೋಗಿಗಳ ಸಾಲು ನಿಂತಿರುತ್ತದೆ. ಸುತ್ತಲಿನ ದುಬಾರಿ ಆಸ್ಪತ್ರೆಗಳ ನಡುವೆ ಇದೊಂದು ಅಪವಾದ.

ರಾಮಗೊಂಡನಹಳ್ಳಿಯಲ್ಲಿ ಅರುಂಧತಿ ಮತ್ತು ಜಗದೀಶ್ ರಾಜಾ ದಂಪತಿ ತಮ್ಮದೇ ನೆಲದಲ್ಲಿ ಕಟ್ಟಿದ ಜಾಗೃತಿ ರಂಗಮಂದಿರ 2011ರಲ್ಲಿ ತೆರೆಯಿತು. ನಗರದ ನಡುವಿನ ರವೀಂದ್ರ ಕಲಾಕ್ಷೇತ್ರಕ್ಕೋ ರಂಗಶಂಕರಕ್ಕೋ ಹೋಗಿ ಬರುವಷ್ಟರಲ್ಲಿ ಮಧ್ಯರಾತ್ರಿಯಾಗುತ್ತಿದ್ದ ಈ ಕಡೆಯ ಪ್ರೇಕ್ಷಕರಿಗೆ ಅದು ದೊಡ್ಡ ಅನುಕೂಲ. ಅಲ್ಲಿ ಇಂಗ್ಲಿಷ್ ನಾಟಕಗಳದ್ದೇ ಮೇಲುಗೈ. ಬ್ರೂಕ್‌ಫೀಲ್ಡ್ ಎಂಬ ಹೆಸರು ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಾತ್ರ ಕೆಟ್ಟ ಕಾರಣಕ್ಕೆ: 2024ರ ಮಾರ್ಚ್ 1ರಂದು ಇಲ್ಲಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದು ಹಲವರು ಗಾಯಗೊಂಡರು. ತಿಂಗಳು ಕಳೆಯುವ ಮೊದಲೇ ತುಪ್ಪದ ದೋಸೆಗೆ ಸರದಿ ಸಾಲು ಮತ್ತೆ ಬೆಳೆದಿತ್ತು.

ಹಳ್ಳಿಯ ಹಳಬರ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಓಡಾಡಿಕೊಂಡಿರುವುದು ಈ ಗಡಿಸೀಮೆಯ ಹಳೆಯ ರೂಢಿ. ಕನ್ನಡ–ತಮಿಳಿನ ಒಡನಾಟಕ್ಕೆ 1043ರ ಶಾಸನವೇ ಸಾಕ್ಷಿ. ಆ ಮೂರೂ ಭಾಷೆಗಳು ಒಂದೇ ಜಗಲಿಯಲ್ಲಿ ಕೂತವು, ಏಕೆಂದರೆ ಬಂದವರು ಒಕ್ಕಲಾಗಿ ನಿಂತರು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಬಾಡಿಗೆದಾರನಿಗೆ ಜಗಲಿ ಸಿಗುವುದಿಲ್ಲ, ಲಿಫ್ಟ್ ಸಿಗುತ್ತದೆ. ಅಲ್ಲಿ ಹಿಂದಿ, ಇಂಗ್ಲಿಷ್‌ನಲ್ಲೇ ಕೆಲಸ ನಡೆಯುತ್ತದೆ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ಒತ್ತಾಯದ ಪ್ರತಿಭಟನೆಗಳು 2023ರ ಡಿಸೆಂಬರ್‌ನಲ್ಲಿ ಬಿಸಿಯೇರಿದವು; 2024ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂದ ಮೇಲೆ ಐಟಿಪಿಎಲ್ ರಸ್ತೆಯ ಮಳಿಗೆಗಳೂ ಫಲಕ ಬದಲಿಸಿದವು. ಕೆಲವು ಫಲಕಗಳಲ್ಲಿ ಒತ್ತಕ್ಷರಗಳು ಉರುಳಿ ಬಿದ್ದಿರುತ್ತವೆ, ಅರ್ಕಾವೊತ್ತು ತಪ್ಪಿದ ಜಾಗದಲ್ಲಿ ಕೂತಿರುತ್ತದೆ. ನವೆಂಬರ್ ಬಂತೆಂದರೆ ಕಂಪನಿಗಳ ಕನ್ನಡ ಬಳಗಗಳು ಟೆಕ್ ಪಾರ್ಕಿನ ಅಂಗಳದಲ್ಲಿ ಡೊಳ್ಳು ಕುಣಿತ ಏರ್ಪಡಿಸುತ್ತವೆ, ಕನ್ನಡೇತರ ಸಹೋದ್ಯೋಗಿಗಳಿಗೆ ಊಟದ ಬಿಡುವಿನಲ್ಲಿ ಮಾತಿನ ಪಾಠ ಹೇಳುತ್ತವೆ. ಕಾರ್ಖಾನೆಯ ಕನ್ನಡ ಸಂಘಗಳಿಗೆ ಇದ್ದ ಸ್ವಂತ ಸಭಾಂಗಣ, ಗ್ರಂಥಾಲಯ, ವರ್ಷಕ್ಕೊಂದು ನಾಟಕ ಇವಕ್ಕಿಲ್ಲ; ಅವಕ್ಕಿಂತ ಹೆಚ್ಚು ಊರುಗಳಿಂದ ಬಂದ ಕಲಿಯುವವರು ಇವಕ್ಕಿದ್ದಾರೆ.